ಕೆಂಪು ಬಾಳೆಯ ತಾಣಕ್ಕೆ ಬಂದವರು

ಒಂದು ಕಾಲಕ್ಕೆ ನಾನು ಒಂದು ಅಂಕಿಯನ್ನು ನಂಬಿದ್ದೆ. ನಂಬಿ ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. ಕಂಡಕಂಡವರಿಗೆ ಹೇಳಿದೆ, ಬೋರ್ಡಿನ ಮೇಲೆ ಬರೆಸಿದೆ, ಕೊನೆಗೆ ನನ್ನ ಸ್ವಂತ ಕಾಕಾನ ಕೈಯಲ್ಲಿ ಆ ಅಂಕಿಯ ಕಾಗದ ಇಟ್ಟೆ. ಆ ವರ್ಷ ಕಾಕಾನ ತೋಟದ ಫಸಲೆಲ್ಲ ಆ ಒಂದು ಕಾಗದದ ಮೇಲೆ ನಿಂತಿತು.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ನಾನು ವೆಬ್‌ಸೈಟ್ ಮಾಡಿಕೊಡುವ ಕೆಲಸ ಶುರುಮಾಡಿ ಆಗ ಎರಡು ವರ್ಷವಾಗಿತ್ತು. ಎರಡು ಕಂಪ್ಯೂಟರು, ಕರೆಂಟು ಹೋದಾಗೊಮ್ಮೆ ಚೀರುವ ಒಂದು ಯುಪಿಎಸ್ಸು, ಬೇಸಿಗೆಯಲ್ಲಿ ಒಲೆಯಾಗುವ ತಗಡಿನ ಮಾಡು. ಬೋರ್ಡು ನೋಡಿ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಮಂದಿ "ಝೆರಾಕ್ಸ್ ಇಲ್ಲೇ ಏನ್ರೀ?" ಎಂದು ಕೇಳಿ ಇಳಿದುಹೋಗುತ್ತಿದ್ದರು. ಉಳಿದವರಿಗೆ ಮೂರು ವಸ್ತು ಬೇಕಿತ್ತು: ಮೊದಲ ಪುಟದಲ್ಲಿ ಮನೆದೇವರ ಫೋಟೋ, ಎಡದಿಂದ ಬಲಕ್ಕೆ ಓಡುವ ಅಕ್ಷರ, ಕೆಳಗೆ ಎಷ್ಟು ಮಂದಿ ಬಂದರೆಂದು ತೋರಿಸುವ ಮೀಟರು. ಕ್ಯಾಮೆರಾದಿಂದ ತೆಗೆದ ಫೋಟೋವನ್ನು ಇದ್ದಷ್ಟೇ ಗಾತ್ರಕ್ಕೆ ಹಾಕಬೇಕೆಂಬ ಹಟ ಬೇರೆ. "ಸಣ್ಣದು ಮಾಡಿದ್ರ ಲಗೂ ತೆರೀತದ್ರೀ" ಅಂದರೆ, "ನಾವು ಪೂರಾ ರೊಕ್ಕ ಕೊಟ್ಟೀವಲ್ಲ, ಫೋಟೋ ಯಾಕ ಸಣ್ಣದು?" ಎಂದು ನನ್ನನ್ನೇ ಕಳ್ಳಿಯ ಹಾಗೆ ನೋಡುತ್ತಿದ್ದರು. ಹಳೆಯ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರವೆಲ್ಲ ಚೌಕಚೌಕ ಡಬ್ಬಿಯಾಗಿ ಕಾಣುತ್ತಿತ್ತು. ಅದಕ್ಕೂ ನಾನೇ ಹೊಣೆ.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ಅವರದು ಎರಡು ಎಕರೆ ಕೆಂಪು ಬಾಳೆ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದಕ್ಕೆ ಒಂದೂವರೆ ವರ್ಷ ಬೇಕು. ಅಷ್ಟು ದಿನ ಮಕ್ಕಳನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು. ಪ್ರತಿ ವರ್ಷ ಫಸಲು ಸಿಗಲೆಂದು ಕಾಕಾ ಒಂದೊಂದು ತುಂಡಿಗೆ ಒಂದೊಂದು ಸಲ ನೆಡುತ್ತಿದ್ದರು. ಕಾಕಾನ ದನಿ ದೊಡ್ಡದು, ಅಂಗಿ ಬಿಳಿ, ಮೂಗಿನ ಮೇಲೆ ಸಿಟ್ಟು. ತಮ್ಮ ಹಣ್ಣಿನ ಬಗ್ಗೆ ಯಾರಾದರೂ ಒಂದು ಮಾತು ಕಡಿಮೆ ಆಡಿದರೆ ಮೂರು ದಿನ ಅವರ ಮನೆಯ ಮುಂದೆ ಹಾಯುತ್ತಿರಲಿಲ್ಲ.

ಆ ತೋಟದ ಫಸಲನ್ನು ಇಪ್ಪತ್ತು ವರ್ಷದ ಮೇಲಿಂದ ಹಿಡಿಯುತ್ತಿದ್ದವರು ಕಲಬುರಗಿಯ ಹಣ್ಣಿನ ಬಜಾರದ ಒಬ್ಬ ವಯಸ್ಸಾದ ವ್ಯಾಪಾರಿ. ನಾವೆಲ್ಲ ಅವರಿಗೆ ಚಾಚಾ ಅನ್ನುತ್ತಿದ್ದೆವು. ಗೊನೆ ಬಲಿಯುವ ಹೊತ್ತಿಗೆ ಒಂದು ದಿನ ಬಂದು ತೋಟದ ತುಂಬ ಅಡ್ಡಾಡಿ, ಗಿಡದ ಮೈಮೇಲೆ ಅಂಗೈ ಇಟ್ಟು ನೋಡಿ, ಕಾಕಿ ಬಡಿದ ಜೋಳದ ರೊಟ್ಟಿ ಉಂಡು ಹೋದರೆ ವ್ಯವಹಾರ ಮುಗಿಯಿತು. ರೊಟ್ಟಿ ಉಂಡರೆಂದರೆ ಆ ವರ್ಷದ ಹಣ್ಣೆಲ್ಲ ಅವರದು. ಕಾಗದವಿಲ್ಲ, ಮುಂಗಡವಿಲ್ಲ. ಹಣ್ಣು ಮಾಗಿಸುವ ಅವರ ಕೋಣೆಯಲ್ಲಿ ಕಾಕಾನ ಗೊನೆಗಳಿಗೆ ಒಂದು ಗೋಡೆ ಪ್ರತಿ ವರ್ಷ ಖಾಲಿ ಕಾಯುತ್ತಿತ್ತು.

ಈ ಕಾಕಾ ಒಂದು ದಿನ ನನ್ನ ಮೆಟ್ಟಿಲು ಹತ್ತಿ ಬಂದು, "ನಮ್ಮ ಹಣ್ಣಿಗೂ ಒಂದು ವೆಬ್‌ಸೈಟ್ ಮಾಡವಾ" ಅಂದರು. ನಾನು ಉಬ್ಬಿಹೋದೆ. ಹದಿನೈದು ದಿನ ಕೂತು ಮಾಡಿದೆ. ಫೋಟೋ ಸಣ್ಣ ಮಾಡಿದೆ, ಅವರಿಗೆ ಹೇಳಲಿಲ್ಲ.

ತೆರೆಯುವ ದಿನ ಗೊತ್ತಾದ ಮೇಲೆ ಕಾಕಾ ಮಾಡಿದ ಕೆಲಸವನ್ನು ಜಗತ್ತಿನ ಬೇರೆ ಯಾವ ವೆಬ್‌ಸೈಟಿನ ಧಣಿಯೂ ಮಾಡಿರಲಿಕ್ಕಿಲ್ಲ. ನಮ್ಮ ಕಡೆ ಕಾರ್ಡು ಅಂಚೆಯಲ್ಲಿ ಬಂದರೆ ಅದು ಕರೆದ ಹಾಗಲ್ಲ. ಮನೆಗೆ ಬಂದು, ಕೂತು, ಬಾಯಿಬಿಟ್ಟು "ಬರಬೇಕ್ರೀ, ತಪ್ಪಸಬ್ಯಾಡ್ರೀ" ಅಂದರೆ ಮಾತ್ರ ಕರೆ. ಹಾಗೆ ಕರೆಸಿಕೊಂಡು ಹೋಗದಿದ್ದರೆ ಮುಂದೆ ನಿಮ್ಮ ಮನೆಯ ಕಾರ್ಯಕ್ಕೆ ಯಾರೂ ಬರುವುದಿಲ್ಲ. ಕಾಕಾ ಹಳದಿ ಕಾರ್ಡು ಅಚ್ಚು ಹಾಕಿಸಿ, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ವೆಬ್‌ಸೈಟಿನ ವಿಳಾಸ ನಡುವೆ ಬರೆಸಿ, ಕಾಕಿಯನ್ನು ಕರೆದುಕೊಂಡು ಕಮಲಾಪುರದ ಮನೆಮನೆಗೆ ಹೋದರು. ಸುತ್ತಲಿನ ಹಳ್ಳಿಯ ಬೀಗರಿಗೂ ಹೇಳಿಬಂದರು.

ಮಂದಿ ಬಂದರು. ಆಗ ಕೈಕೈಯಲ್ಲಿ ಇಂಟರ್ನೆಟ್ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಆರು ಕಂಪ್ಯೂಟರಿನ ಒಂದು ಇಂಟರ್ನೆಟ್ ಸೆಂಟರು ಇತ್ತು, ಎಲ್ಲರೂ ಅಲ್ಲಿಗೇ ಹೋದರು. ಇಳಕಲ್ ಸೀರೆ ಉಟ್ಟ ಒಬ್ಬ ಅಜ್ಜಿ ಬಂದು "ಎಲ್ಲಿ ಕುಂದರಬೇಕಪ್ಪಾ?" ಎಂದು ಕೇಳಿದರಂತೆ. ಸೆಂಟರಿನ ಮಾಲಕರು ಪುಟ ತೆರೆದು ತೋರಿಸಿದರೆ, ದೇವರ ಫೋಟೋಕ್ಕೆ ಕೈಮುಗಿದು, ಬಾಳೆಗೊನೆ ನೋಡಿ, "ನಾ ಬಂದು ಹೋದೆ ಅಂತ ಹೇಳ್ರಿ" ಎಂದು ಹೇಳಿ ಎದ್ದರಂತೆ. ಕಾಕಾ ಸಂತೆಯಲ್ಲಿ ಸಿಕ್ಕವರನ್ನೆಲ್ಲ "ನಮ್ಮ ವೆಬ್‌ಸೈಟಿಗೆ ಬಂದಿದ್ರೇನು?" ಎಂದು ವಿಚಾರಿಸುವರು. "ಮೊನ್ನೆ ಬಂದಿದ್ದಿವಲ್ರೀ, ನೀವs ಇರಲಿಲ್ಲ" ಎಂದು ಅವರು ಹೇಳುವರು. ನಾನು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕೆನೇ ಹೊರತು ಲೆಕ್ಕ ಹಾಕಲಿಲ್ಲ.

ಈಗ ಆ ಅಂಕಿಯ ವಿಷಯ. ಜಗತ್ತಿನ ವೆಬ್‌ಸೈಟುಗಳಿಗೆಲ್ಲ ಒಂದನೆಯದು, ಎರಡನೆಯದು ಎಂದು ಸ್ಥಾನ ಕೊಡುವ ಒಂದು ತಾಣ ಆಗ ಇತ್ತು. ನನ್ನ ಕಸುಬಿನವರೆಲ್ಲ ಬೆಳಿಗ್ಗೆ ಎದ್ದು ಅದನ್ನು ನೋಡಿಯೇ ಚಹಾ ಕುಡಿಯುತ್ತಿದ್ದೆವು. ಅವರದೊಂದು ಟೂಲ್‌ಬಾರ್ ಇತ್ತು: ಬ್ರೌಸರಿನ ನೆತ್ತಿಯ ಮೇಲೆ ಕೂರುವ ಸಣ್ಣ ಪಟ್ಟಿ. ಅದನ್ನು ಹಾಕಿಕೊಂಡರೆ ಯಾವ ಪುಟ ತೆರೆದರೂ ಅದರ ಸ್ಥಾನ ಮೇಲೇ ಕಾಣುತ್ತಿತ್ತು. ಚಂದದ ಸಾಮಾನೆಂದು ನನ್ನ ಎರಡೂ ಕಂಪ್ಯೂಟರಿಗೆ ಹಾಕಿದ್ದೆ. ಕಮಲಾಪುರದ ಆ ಸೆಂಟರಿನ ಕಂಪ್ಯೂಟರು ಕೆಟ್ಟಾಗ ರಿಪೇರಿ ಮಾಡುವವಳೂ ನಾನೇ. ಅಲ್ಲಿಯ ಆರಕ್ಕೂ ಹಾಕಿಕೊಟ್ಟೆ. ಕಾಕಾನ ಮಾತಿಗೆ ಸೆಂಟರಿನವರು ಇನ್ನೊಂದು ಉಪಕಾರ ಮಾಡಿದರು. ಬ್ರೌಸರ್ ತೆರೆದ ಕೂಡಲೇ ಮೊದಲು ಕಾಕಾನ ಕೆಂಪು ಬಾಳೆಯೇ ಬರುವ ಹಾಗೆ ಮಾಡಿಟ್ಟರು. ಪಹಣಿಗೆ ಬಂದವರು, ನೌಕರಿಯ ಅರ್ಜಿ ತುಂಬಲು ಬಂದವರು, ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಬಂದು ಬೆವರುತ್ತಿದ್ದ ಮಕ್ಕಳು, ಎಲ್ಲರೂ ಮೊದಲು ಬಾಳೆಗೊನೆ ನೋಡಿಯೇ ಮುಂದೆ ಹೋಗಬೇಕು.

ಮೂರು ತಿಂಗಳಲ್ಲಿ ಕಾಕಾನ ತಾಣದ ಸ್ಥಾನ ಏಣಿ ಹತ್ತಿದ ಹಾಗೆ ಹತ್ತಿತು. ಲಕ್ಷಗಳ ಆಚೆ ಎಲ್ಲೋ ಇದ್ದದ್ದು ದೊಡ್ಡದೊಡ್ಡ ಅಂಗಡಿಗಳ ತಾಣಗಳನ್ನು ಹಿಂದೆ ಹಾಕಿ ಮೇಲೆ ಬಂತು. ನಾನು ಆ ಪುಟವನ್ನು ಬಣ್ಣದಲ್ಲಿ ಮುದ್ರಿಸಿ ಕಾಕಾನಿಗೆ ಕೊಟ್ಟೆ. ಅವರು ಅಂಕಿ ನೋಡಿ ಮೊದಲು ಗಾಬರಿಯಾದರು. "ಹೋದ ತಿಂಗಳಕಿಂತ ಕಡಿಮಿ ಆಗ್ಯದಲ್ಲವಾ!"

"ಕಡಿಮಿ ಆದಷ್ಟೂ ಚಲೋ, ಕಾಕಾ. ಸಾಲ್ಯಾಗ ಒಂದನೇ ನಂಬರ್ ಬಂದಂಗ."

ಅಷ್ಟು ಹೇಳಿದ್ದೇ ತಡ, ಕಾಗದ ಮಡಚಿ ಅಂಗಿಯ ಕಿಸೆಗೆ ಹೋಯಿತು. ಮುಂದೆ ಅದು ಬಸ್ಸಿನಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ ಹೊರಬಂದು ಬಂದು ಮಡಿಕೆಗಳಲ್ಲಿ ಹರಿಯತೊಡಗಿತು. ನಾನೂ ಕಡಿಮೆಯವಳಲ್ಲ. ಬೋರ್ಡಿನ ಮೇಲೆ ಆ ಅಂಕಿ ಬರೆಸಿದೆ. ಅದನ್ನು ನೋಡಿ ನಂದೂರಿನ ಬೇಳೆ ಮಿಲ್ಲಿನ ಮಾಲಕರೊಬ್ಬರು ಮೆಟ್ಟಿಲು ಹತ್ತಿದರು. ಅವರು ಝೆರಾಕ್ಸ್ ಕೇಳಲಿಲ್ಲ. "ಬಾಳಿಹಣ್ಣಿಗೆ ಇಷ್ಟು ಮಾಡೀರಿ, ತೊಗರಿಬ್ಯಾಳಿಗೆ ಇನ್ನೆಷ್ಟು ಮಾಡಬಹುದು?" ಅಂದರು. ಆ ತನಕ ನನ್ನ ಕೈಗೆ ಬಂದ ಕೆಲಸಗಳಲ್ಲಿ ಅದೇ ದೊಡ್ಡದು. ಹದಿನೈದು ದಿನದಲ್ಲಿ ಪಕ್ಕಾ ಮಾಡುತ್ತೇನೆಂದು ಹೇಳಿ ಹೋದರು.

ಅದೇ ಹೊತ್ತಿಗೆ ಕಮಲಾಪುರದ ಸೆಂಟರಿನ ಮಾಲಕರ ತಂಗಿಯ ಮದುವೆ ಬಂತು. ಎಂಟು ದಿನ ಸೆಂಟರಿಗೆ ಬೀಗ. ಆ ಎಂಟು ದಿನದಲ್ಲಿ ಕಾಕಾನ ತಾಣದ ಸ್ಥಾನ ಬಾವಿಗೆ ಬಿದ್ದ ಕೊಡದ ಹಾಗೆ ಕೆಳಗಿಳಿಯತೊಡಗಿತು. ನಾನು ಮೊದಲು ಸರ್ವರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಆಮೇಲೆ ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ: ಸರ್ವರಿನ ಲಾಗ್ ತೆರೆದು ಕೂತೆ. ಯಾರು ಬಂದರು, ಯಾವ ಹೊತ್ತಿಗೆ, ಯಾವ ಸಂಪರ್ಕದಿಂದ, ಯಾವ ಪುಟ ನೋಡಿದರು ಎಂದು ಸರ್ವರು ತನ್ನ ಪಾಡಿಗೆ ತಾನು ಬರೆದಿಡುವ ಪಟ್ಟಿ ಅದು. ಓದಲು ಬೇಜಾರು. ಇರುವೆ ಸಾಲು ನೋಡಿದ ಹಾಗೆ ಸಾಲಿನ ಮೇಲೆ ಸಾಲು. ಹೀಗಾಗಿ ನನ್ನಂಥವರು ಅದನ್ನು ಬಿಟ್ಟು ಬಣ್ಣದ ಅಂಕಿ ನೋಡುತ್ತಿದ್ದೆವು.

ಅರ್ಧ ದಿನದಲ್ಲಿ ತಿಳಿದುಹೋಯಿತು. ಬಂದವರೆಲ್ಲ ಎರಡೇ ಬಾಗಿಲಿನಿಂದ ಬಂದಿದ್ದರು. ಒಂದು ಕಮಲಾಪುರದ ಸೆಂಟರು, ಇನ್ನೊಂದು ನನ್ನ ಕೋಣೆ. ಉಳಿದವರು ದಾರಿ ತಪ್ಪಿ ಬಂದ ನಾಲ್ಕಾರು ಮಂದಿ. ಬಂದ ಕ್ಷಣವೇ ಹೋಗಿದ್ದರು. ಆ ಸ್ಥಾನ ಕೊಡುವ ತಾಣ ಲೋಕದ ಮಂದಿಯನ್ನೆಲ್ಲ ಎಣಿಸುತ್ತಿರಲಿಲ್ಲ. ಮುಖ್ಯವಾಗಿ ತನ್ನ ಟೂಲ್‌ಬಾರ್ ಹಾಕಿಕೊಂಡವರನ್ನು ನೋಡಿ, ಉಳಿದದ್ದನ್ನು ಅಂದಾಜು ಮಾಡುತ್ತಿತ್ತು. ಟೂಲ್‌ಬಾರ್ ಹಾಕಿಕೊಳ್ಳುವವರು ಯಾರು? ನನ್ನಂಥ ಕಸುಬಿನವರು. ನಮ್ಮ ಸೀಮೆಯಲ್ಲಿ ಅಂಥ ಕಂಪ್ಯೂಟರುಗಳೇ ಬೆರಳೆಣಿಕೆ, ಅದರಲ್ಲಿ ಎಂಟು ನಾನೇ ಹಾಕಿದವು. ಇಷ್ಟು ದಿನ ನಾನು ಕಾಕಾನಿಗೆ ತೋರಿಸಿದ್ದು ಕಾಕಾನ ಬೀಗರನ್ನೇ.

ಇದು ಗೊತ್ತಾದ ದಿನವೇ ಸಂಜೆ ಕಾಕಾನ ಫೋನು ಬಂತು.

"ಗುರುವಾರ ಚಾಚಾ ಬರ್ತಾನ ತ್ವಾಟ ನೋಡಾಕ. ಈ ಸಲ ನಿನಗ ಹಣ್ಣಿಲ್ಲ ಅಂತ ಹೇಳಿಬಿಡ್ತೀನಿ. ಇಷ್ಟು ಮಂದಿ ನೋಡಾಕತ್ತಾರ, ಅವರಿಗೇ ನೇರ ಕೊಡಾಣ. ಗೊನಿ ಕಡಿಯೋ ದಿನ ವೆಬ್‌ಸೈಟಿನ್ಯಾಗ ಹಾಕು, ತ್ವಾಟಕ್ಕs ಬರಲಿ. ಏನಂತಿ?"

ಲಾಗ್ ಇನ್ನೂ ಕಣ್ಣ ಮುಂದೆ ತೆರೆದಿತ್ತು. ಬೇಳೆ ಮಿಲ್ಲಿನವರು ಪಕ್ಕಾ ಮಾಡಲು ಇನ್ನೂ ನಾಲ್ಕು ದಿನವಿತ್ತು. ಬೋರ್ಡಿನ ಮೇಲಿನ ಬಣ್ಣ ಇನ್ನೂ ಹೊಸದು. ನಾನು "ನಿಮ್ಮ ಮನಸ್ಸು ಕಾಕಾ" ಅಂದೆ. ಇದರಲ್ಲಿ ಸುಳ್ಳೇನೂ ಇಲ್ಲವಲ್ಲ ಎಂದು ಫೋನಿಟ್ಟ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಜಾಣರಿಗೆ ಇದೇ ದೊಡ್ಡ ರೋಗ. ಸುಳ್ಳು ಹೇಳದೆಯೇ ಸುಳ್ಳು ಹೇಳುವುದು ಬರುತ್ತದೆ.

ಗುರುವಾರ ಬೆಳಿಗ್ಗೆ ಮನಸ್ಸು ತಡೆಯದೆ ಕಮಲಾಪುರದ ಬಸ್ಸು ಹತ್ತಿದೆ. ಚಾಚಾ ಬರುವ ಮೊದಲೇ ಕಾಕಾನಿಗೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ನಾನು ಹೋಗುವ ಹೊತ್ತಿಗೆ ಚಾಚಾ ಆಗಲೇ ತೋಟದೊಳಗಿದ್ದರು. ಹಸಿರು ಕೆಂಪು ನಡುವಿನ ಬಣ್ಣದ ಗೊನೆಗಳ ಕೆಳಗೆ ಬಗ್ಗಿ ಬಗ್ಗಿ ನಡೆಯುತ್ತಿದ್ದರು. ಒಂದು ಗಿಡದ ಮೈ ತಟ್ಟಿ "ಮಾಶಾಅಲ್ಲಾ" ಅಂದರು. ಬದುವಿನ ಮೇಲೆ ಬಂದು ಕೂತ ಮೇಲೆ ಕಾಕಾ ಕಿಸೆಯಿಂದ ಆ ಕಾಗದ ತೆಗೆದರು. ಹೇಳಬೇಕಾದದ್ದನ್ನು ಹೇಳಿದರು. ದೊಡ್ಡ ದನಿಯವರು ಅವತ್ತು ಸ್ವಲ್ಪ ಸಣ್ಣ ದನಿಯಲ್ಲೇ ಹೇಳಿದರು.

ಚಾಚಾ ಕಾಗದವನ್ನು ಉಲ್ಟಾ ಹಿಡಿದು ನೋಡಿದರು, ಸರಿಮಾಡಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ಈ ನಂಬರ್ ಪಕ್ಕಾ ಅದ ಏನು?" ಎಂದು ಕೇಳಿದರು. ಅವರಿಗೆ ಅನುಮಾನವಿರಲಿಲ್ಲ. ಓದಿದ ಹುಡುಗಿ, ಅವಳಿಗೆ ಗೊತ್ತಿರುತ್ತದೆ ಎಂಬ ಭರವಸೆಯಿಂದ ಕೇಳಿದರು.

"ಪಕ್ಕಾ, ಚಾಚಾ" ಅಂದೆ.

"ಭಲಾ ಆಗಲಿ ಸಾವಕಾರ್ರೆ. ದುನಿಯಾ ಪೂರಾ ನಿಮ್ಮ ಹಣ್ಣು ತಿನ್ನಲಿ" ಎಂದು ಅವರು ಎದ್ದರು. ಕಾಕಿ ರೊಟ್ಟಿಗೆ ಕರೆದರು. ಚಾಚಾ ಎದೆಯ ಮೇಲೆ ಕೈಯಿಟ್ಟು, "ಇವತ್ತ ಬ್ಯಾಡ ಬಹೆನ್‌ಜಿ" ಅಂದು, ನೀರು ಮಾತ್ರ ಕುಡಿದು, ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡಿದರು. ಅವರು ರೊಟ್ಟಿ ಉಣ್ಣದೆ ಹೋದ ಮೊದಲ ವರ್ಷ ಅದು.

ಬೇಳೆ ಮಿಲ್ಲಿನ ಕೆಲಸ ನನಗೆ ಸಿಕ್ಕಿತು. ಸಿಹಿ ಹಂಚಿದೆ. ಒಂದು ಪೇಢೆಯೂ ನನ್ನ ಗಂಟಲಿನಲ್ಲಿ ಇಳಿಯಲಿಲ್ಲ ಅಂದರೆ ನೀವು ನಂಬಬಾರದು. ನಾಲ್ಕು ತಿಂದೆ. ನನಗೆ ನಿದ್ದೆಯೂ ಬರುತ್ತಿತ್ತು, ಹಸಿವೂ ಆಗುತ್ತಿತ್ತು. ಏನೋ ಒಂದು ಆಗಿಯೇ ಆಗುತ್ತದೆ, ನಿಜವಾದ ಗಿರಾಕಿಗಳು ಬಂದೇ ಬರುತ್ತಾರೆ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಹಗಲೆಲ್ಲ ಅದಕ್ಕಾಗಿ ಒದ್ದಾಡಿದೆ ಕೂಡ. ಪುಟದ ಶೀರ್ಷಿಕೆ ತಿದ್ದಿದೆ, ಹುಡುಕುವವರಿಗೆ ಸಿಗಲೆಂದು ಇಂಗ್ಲಿಷಿನಲ್ಲೂ ಬರೆದೆ, ಫೋನು ನಂಬರನ್ನು ಮೇಲೆ ತಂದೆ. ಬಂದ ಫೋನುಗಳು ಇಷ್ಟು: ಪುಣೆಯವರೊಬ್ಬರು ಎರಡು ಹಣ್ಣು ಮಾದರಿಗೆ ಅಂಚೆಯಲ್ಲಿ ಕಳಿಸಿ ಎಂದರು. ಬೀದರಿನವರೊಬ್ಬರು ಬಾಳೆ ಎಲೆ ಸಿಗುತ್ತದೆಯೇ ಎಂದು ಕೇಳಿದರು. ಮೂರನೆಯವರು ಕಾಕಾನಿಗೇ ಒಂದು ವೆಬ್‌ಸೈಟ್ ಮಾಡಿಕೊಡುತ್ತೇವೆಂದರು.

ಗೊನೆ ಕಡಿಯಲು ನಾಲ್ಕು ದಿನವಿರುವಾಗ ಮತ್ತೆ ಕಮಲಾಪುರಕ್ಕೆ ಹೋದೆ. ಮನೆಯ ಮುಂದೆ ಪಕ್ಕದ ಓಣಿಯಿಂದ ತಂದ ದೊಡ್ಡ ಬೋಗುಣಿಗಳು, ಪರಾತಗಳು. ಒಳಗೆ ಮೂವರು ಹೆಣ್ಣುಮಕ್ಕಳು ಜೋಳ ಹಸನು ಮಾಡುತ್ತಿದ್ದರು. ಕಾಕಿ ನನ್ನನ್ನು ಕಂಡದ್ದೇ ಸೆರಗಿನಿಂದ ಕೈ ಒರೆಸಿಕೊಂಡು ಬಂದರು.

"ಚಲೋ ಆತು ಬಂದಿ. ಗೊನಿ ಕಡಿಯೋ ದಿನ ತ್ವಾಟಕ್ಕ ಮಂದಿ ಬರ್ತಾರಂತಲ್ಲ, ಎಷ್ಟು ಮಂದಿ ಅಂತ ನೋಡಿ ಹೇಳವಾ. ದೂರದಿಂದ ಬಂದವರನ್ನ ಉಪಾಸ ಕಳಸಾಕ ಆಗತದೇನು? ರೊಟ್ಟಿ ಎಷ್ಟು ಬಡಿಬೇಕು ತಿಳೀವಲ್ದು."

ನನ್ನ ಕಸುಬಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆಯೇ ಅದು, ಎಷ್ಟು ಮಂದಿ ಬರುತ್ತಾರೆ ಎಂಬುದು. ನಾನು ಅದಕ್ಕೆ ನೂರು ಸಲ ಉತ್ತರ ಕೊಟ್ಟಿದ್ದೇನೆ, ಅಂಕಿ ಹೇಳಿದ್ದೇನೆ, ಗೆರೆ ಎಳೆದು ತೋರಿಸಿದ್ದೇನೆ. ಹಿಟ್ಟು ಹತ್ತಿದ ಕೈಯಲ್ಲಿ ನಿಂತು ಯಾರೂ ಕೇಳಿರಲಿಲ್ಲ.

"ಯಾರೂ ಬರಂಗಿಲ್ಲ, ಕಾಕಿ" ಅಂದೆ.

ಕಾಕಾ ಒಳಗಿನಿಂದ ಬಂದರು. ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಟೂಲ್‌ಬಾರ್, ಅಂದಾಜು ಅಂದರೆ ಅವರಿಗೆ ತಿಳಿಯಲಿಲ್ಲ. ಬೇರೆ ರೀತಿ ಹೇಳಿದೆ. "ಯಾವ ಮದುವಿಗೆ ಎಷ್ಟು ಮಂದಿ ಬಂದರಂತ ಎಣಸಾಕ ಬಾಗಲದಾಗ ಒಬ್ಬನ್ನ ನಿಲ್ಲಿಸ್ಯಾರ ಅಂತ ತಿಳೀರಿ. ಅಂವ ಬರೇ ನೀಲಿ ಚಪ್ಪಲಿ ಹಾಕ್ಕೊಂಡವರನ್ನ ಎಣಸ್ತಾನ. ಎಲ್ಲೂ ಅಂಥ ಚಪ್ಪಲಿ ಭಾಳ ಇರಂಗಿಲ್ಲ. ನಾ ನಮ್ಮ ಮಂದಿಗೆಲ್ಲ ನೀಲಿ ಚಪ್ಪಲಿ ಹಾಕಿ ಒಳಗ ಬಿಟ್ಟೀನಿ. ಅಂವ ನಮ್ಮ ಮದುವೀನೇ ದೊಡ್ಡದು ಅಂತ ಬರದಾನ."

ಕಾಕಾ ಕಿಸೆಯಿಂದ ಆ ಕಾಗದ ತೆಗೆದು ಬಿಡಿಸಿ ನೋಡಿದರು. "ಅಂದ್ರ ಬಂದವರೆಲ್ಲಾ ನಾನು ಕರದವರs ಏನು?" ಅಂದರು.

"ಹೂಂ ರೀ."

"ಅವರಾದರೂ ಖರೇನs ಬಂದಿದ್ರಲ್ಲ?"

"ಅವರು ಖರೇನs ಬಂದಿದ್ರು, ಕಾಕಾ."

ಅವರು ತಲೆಯಾಡಿಸಿದರು. ಬೈಯುತ್ತಾರೆಂದು ಕಾದೆ. ಮೂಗಿನ ಮೇಲಿನ ಸಿಟ್ಟು ಅವತ್ತು ಎಲ್ಲಿ ಹೋಗಿತ್ತೋ. ಕೊನೆಗೆ ಒಂದೇ ಮಾತು ಕೇಳಿದರು: "ನಿನಗ ಇದು ಯಾವಾಗ ತಿಳೀತು?"

ನಿನ್ನೆ ಎನ್ನಬಹುದಿತ್ತು. ಬಾಯಿಯವರೆಗೆ ಬಂದಿತ್ತು. "ಚಾಚಾ ಬರೋಕಿಂತ ಮೊದಲs" ಅಂದೆ.

ಕಾಕಿ ಪರಾತ ಎತ್ತಿಕೊಂಡು ಒಳಗೆ ಹೋದರು. ಕಾಕಾ ಎದ್ದು ತೋಟದ ಕಡೆ ನಡೆದರು. ನನ್ನನ್ನು ಬಾ ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ಅವರು ಒಂದು ಏಟು ಹಾಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನ ಕಾಕಾ ಕಲಬುರಗಿಯ ಹಣ್ಣಿನ ಬಜಾರಕ್ಕೆ ಬಂದರು. ಬಂದೇ ಬರುತ್ತಾರೆಂದು ನಾನು ಅಲ್ಲೇ ಕಾಯುತ್ತ ನಿಂತಿದ್ದೆ. ಚಾಚಾ ಎದ್ದು ಬಂದು ಕಾಕಾನ ಕೈ ಹಿಡಿದು ಗಾದಿಯ ಮೇಲೆ ಕೂರಿಸಿದರು. ಮಾತು ಶುರುಮಾಡಬೇಕಾದವಳು ನಾನು. "ಚಾಚಾ, ಅವತ್ತ ಪಕ್ಕಾ ಅಂತ ಅಂದಿದ್ದು ಸುಳ್ಳು. ನನಗ ಗೊತ್ತಿತ್ತು" ಅಂದೆ. ಚಾಚಾ ನನ್ನನ್ನು ನೋಡಿದರು, ಮತ್ತೆ ಕಾಕಾನ ಕಡೆ ನೋಡಿದರು. ಮಾಗಿಸುವ ಕೋಣೆಯ ಬಾಗಿಲು ತೆಗೆದು ತೋರಿಸಿದರು. ಪ್ರತಿ ವರ್ಷ ಖಾಲಿ ಇರುತ್ತಿದ್ದ ಆ ಗೋಡೆಗೂ ಬೇರೆ ಊರಿನ ಬಾಳೆ ಒಟ್ಟಿತ್ತು.

"ನೀವು ಇಲ್ಲಂದ ಮ್ಯಾಲೆ ಬ್ಯಾರೇದವರಿಗೆ ಜಬಾನ್ ಕೊಟ್ಟುಬಿಟ್ಟೆ ಸಾವಕಾರ್ರೆ. ಅದನ್ನ ತೆಗಿಯಾಕ ಆಗಂಗಿಲ್ಲ. ಅರ್ಧಾ ತರ್ರಿ. ನಮ್ಮ ಮನಿಯಾಗಿನ ಕೋಣಿ ಒಂದು ಖಾಲಿ ಮಾಡ್ತೀನಿ."

ಮನೆಯ ಕೋಣೆ ಅಂದರೆ ಅವರ ಸೊಸೆ, ಮೊಮ್ಮಕ್ಕಳು ಮಲಗುವ ಕೋಣೆ. ಕಾಕಾ ಬೇಡವೆನ್ನಲು ಹೋದರು, ಚಾಚಾ ಕೇಳಲಿಲ್ಲ.

ಉಳಿದ ಅರ್ಧಕ್ಕೆ ಗಿರಾಕಿ ಇರಲಿಲ್ಲ. ಒಂದಿಷ್ಟು ಸಂತೆಯಲ್ಲಿ ಹೋಯಿತು. ಮಿಕ್ಕದ್ದನ್ನು ಕಾಕಾ ಹಳದಿ ಕಾರ್ಡು ಕೊಟ್ಟ ಮನೆಗಳ ಪಟ್ಟಿ ಹಿಡಿದುಕೊಂಡು ಮನೆಗೊಂದು ಚಿಪ್ಪಿನಂತೆ ಹಂಚಿದರು. "ಕರದಾಗ ಬಂದಿದ್ರು. ಅವರನ್ನ ಬರೇ ಫೋಟೋ ತೋರಿಸಿ ಕಳಿಸೀವಲ್ಲ" ಅಂದರು. ಹಣ್ಣು ಹೊತ್ತು ನಾನೂ ಹಿಂದೆ ನಡೆದೆ. ಇಳಕಲ್ ಸೀರೆಯ ಆ ಅಜ್ಜಿ ಚಿಪ್ಪನ್ನು ಕಣ್ಣಿಗೊತ್ತಿಕೊಂಡು, ಫೋಟೋದಲ್ಲಿ ನೋಡಿದ್ದು ಇದೇ ಹಣ್ಣೇನು ಎಂದು ಕೇಳಿದರು. ಹೌದು ಅಂದೆ. ಇದು ಮಾತ್ರ ನಿಜವಿತ್ತು.

ಬೇಳೆ ಮಿಲ್ಲಿನ ಮಾಲಕರಿಗೂ ಹೋಗಿ ಹೇಳಿದೆ. ಕೆಲಸ ಕಿತ್ತುಕೊಳ್ಳಲಿ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡು ಕೇಳಿ, "ನಂಬರ್ ಬಿಡ್ರೀ. ನಮ್ಮ ಫೋಟೋ ಮಾತ್ರ ದೊಡ್ಡದಿರಲಿ" ಅಂದರು. ಬೋರ್ಡಿನ ಅಂಕಿಯ ಮೇಲೆ ಬಿಳಿ ಬಣ್ಣ ಬಳಿಸಿದೆ. ಮಳೆಗಾಲದಲ್ಲಿ ಅದರ ಕೆಳಗಿನಿಂದ ಒಂದೊಂದೇ ಸೊನ್ನೆ ಇಣುಕುತ್ತಿತ್ತು, ಮತ್ತೆ ಬಳಿಸಿದೆ.

ಆ ಸ್ಥಾನ ಕೊಡುತ್ತಿದ್ದ ತಾಣ ಈಗ ಮುಚ್ಚಿಹೋಗಿದೆ. ಬೇರೆ ಅಂಕಿಗಳು ಬಂದಿವೆ. ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು, ಎಷ್ಟು ಮಂದಿ ಹಿಂಬಾಲಿಸುತ್ತಾರೆ ಎಂಬುದನ್ನು ಈಗ ಚಹಾದಂಗಡಿಯವರೂ ಫೋನಿನಲ್ಲಿ ತೋರಿಸುತ್ತಾರೆ. ಅಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಎಣಿಸುವವನು ಬಾಗಿಲಲ್ಲಿ ಎಲ್ಲಿ ನಿಂತಿದ್ದಾನೆ, ಯಾರ ಕಾಲು ನೋಡುತ್ತಿದ್ದಾನೆ ಎಂದು ವಿಚಾರಿಸದೆ ನಾನು ಈಗ ಯಾರಿಗೂ ಅಂಕಿ ಹೇಳುವುದಿಲ್ಲ. ಹೊಸ ಗಿರಾಕಿ ಬಂದರೆ ಮೊದಲು ಲಾಗ್ ಓದಲು ಕೂರಿಸುತ್ತೇನೆ. ಅರ್ಧ ಮಂದಿ ಬೇಜಾರಾಗಿ ಎದ್ದು ಹೋಗುತ್ತಾರೆ. ಹೋಗಲಿ.

ಮುಂದಿನ ವರ್ಷ ಚಾಚಾ ಮತ್ತೆ ತೋಟಕ್ಕೆ ಬಂದು, ಗಿಡದ ಮೈ ತಟ್ಟಿ, ರೊಟ್ಟಿ ಉಂಡು ಹೋದರು. ಅವರಿಬ್ಬರ ನಡುವೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ಮೊದಲಿನಂತಾಯಿತು. ವೆಬ್‌ಸೈಟನ್ನು ಕಾಕಾ ಮುಚ್ಚಿಸಲಿಲ್ಲ. ಅದರ ಹೆಸರನ್ನು ವರ್ಷಕ್ಕೊಮ್ಮೆ ಮುಂದುವರಿಸಬೇಕು, ಅದಕ್ಕೆ ಒಪ್ಪಿಗೆ ಕಾಗದದ ಮೇಲೆ ಗಿರಾಕಿಯ ಸಹಿ ಹಾಕಿಸಿಕೊಳ್ಳುವುದು ನನ್ನ ಪದ್ಧತಿ. ಆ ಕಾಗದ ಹಿಡಿದುಕೊಂಡು ಹೋದೆ. ಅಲ್ಲಿಯವರೆಗೆ ನಾನು ಮುಂದಿಟ್ಟ ಯಾವ ಕಾಗದವನ್ನೂ ಕಾಕಾ ಓದಿದವರಲ್ಲ. "ನೀ ಬರದೀಯಂದ್ರ ಮುಗೀತು" ಎಂದು ಬದುವಿನ ಮೇಲೆ, ಎತ್ತಿನ ಬೆನ್ನಿನ ಮೇಲೆ, ಎಲ್ಲಿ ಸಿಕ್ಕರೆ ಅಲ್ಲಿ ಇಟ್ಟು ಸಹಿ ಗೀಚಿಕೊಟ್ಟವರು.

ಅವತ್ತು ಕಾಗದ ಇಸಿದುಕೊಂಡು, "ಚಷ್ಮಾ ಕೊಡು" ಎಂದು ಕಾಕಿಯನ್ನು ಕರೆದರು. ಬೆಳಕಿಗೆ ಹೋಗಿ ಕೂತು ಮೊದಲ ಅಕ್ಷರದಿಂದ ಓದತೊಡಗಿದರು. ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಎರಡು ಕಡೆ ನಿಲ್ಲಿಸಿ, "ಇದರ ಅರ್ಥ ಏನು?" ಎಂದು ಕೇಳಿದರು. ಹೇಳಿದೆ. ಮತ್ತೆ ಓದಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಊಟ ಮಾಡಿಕೊಂಡು ಹೋಗೆಂದು ಪ್ರೀತಿಯಿಂದಲೇ ಹೇಳಿದರು.

ಎಷ್ಟೋ ವರ್ಷವಾಯಿತು, ಪ್ರತಿ ವರ್ಷ ಹಾಗೆಯೇ ಓದುತ್ತಾರೆ. ಓದಿ ಮುಗಿಯುವವರೆಗೆ ನಾನು ಕೂರುವುದಿಲ್ಲ.